ಡಬ್ಬಿ ಹುಡುಕುತ್ತಿದ್ದ ನನ್ನ ವಾರಗಿತ್ತಿ

ಮೊದಲೇ ಹೇಳಿಬಿಡುತ್ತೇನೆ, ಅವಳು ನನಗಿಂತ ಚೆಲುವೆಯೇನೂ ಆಗಿರಲಿಲ್ಲ. ಮೂಗು ಕೊಂಚ ದಪ್ಪ. ನಡೆದರೆ ಚಪ್ಪಲಿ ಪಟಪಟ ಸದ್ದು. ಮುದ್ದೆ ತೊಳಸಿದರೆ ಗಂಟು, ಅನ್ನ ಬಸಿದರೆ ಅರ್ಧ ಗಂಜಿ ಸೀರೆಯ ನೆರಿಗೆಗೆ. ಇದನ್ನೆಲ್ಲ ಈಗ ಯಾರ ಮುಂದೆಯೂ ಹೇಳುವಂತಿಲ್ಲ. ಹೋದ ವರ್ಷ ಅವಳು ತೀರಿಕೊಂಡ ಮೇಲೆ, ಸತ್ತ ಎಮ್ಮೆಗೆ ಸೇರುಗಟ್ಟಲೆ ಹಾಲು ಎಂಬಂತೆ, ಕಡೂರಿನ ನಮ್ಮ ಬೀದಿಯಲ್ಲಿ ಅವಳ ಗುಣಗಾನ ನಿಂತಿಲ್ಲ. ನಾನೂ ತಲೆ ಆಡಿಸುತ್ತೇನೆ. ಆಡಿಸಿ, ಒಳಗೆ ಬಂದು, ಇದನ್ನು ಬರೆಯಲು ಕೂತಿದ್ದೇನೆ.

ಅವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮುಂದೆ ಕೊಬ್ಬರಿ ಮಂಡಿ, ಹಿಂದೆ ಮನೆ, ನಡುವೆ ಅಂಗಳ. ಆ ಅಂಗಳದ ಬೆತ್ತದ ಕುರ್ಚಿಯಲ್ಲಿ ನಮ್ಮ ಅತ್ತೆ. ಅತ್ತೆ ಸೊಸೆಯರನ್ನು ಹೆಸರು ಹಿಡಿದು ಕರೆದವರಲ್ಲ. ನಾನು ದೊಡ್ಡೋಳು, ಅವಳು ಚಿಕ್ಕೋಳು. ಇಲ್ಲಿಯೂ ಹಾಗೆಯೇ ಇರಲಿ. ಹೆಸರು ಬರೆದರೆ ಅದರಲ್ಲೂ ಅವಳೇ ಎದ್ದು ಕಾಣುತ್ತಾಳೆ.

ನಾನು ಬಿ.ಎ. ಪಾಸು ಮಾಡಿದ ತಿಂಗಳೇ ಮದುವೆಯಾಗಿ ಈ ಮನೆಯ ಒಲೆ ಹಿಡಿದವಳು. ಅವಳು ಬಂದದ್ದು ಎಷ್ಟೋ ವರ್ಷದ ಮೇಲೆ, ಊರಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಕೆಲಸದ ಜೊತೆ, ಒಂದು ಸ್ಕೂಟರಿನ ಜೊತೆ. ಬಂದ ಮೊದಲ ವಾರದಲ್ಲೇ ಅತ್ತೆಯ ಮುಂದೆ ಕಾಲು ಚಾಚಿ ಕೂತಳು. ನಾನು ಎದೆ ಹಿಡಿದುಕೊಂಡು ನೋಡುತ್ತಿದ್ದೆ, ಈಗ ಬಿತ್ತು ಬೈಗುಳ ಎಂದು. ಅತ್ತೆ ಏನೂ ಅನ್ನಲಿಲ್ಲ. ಅದೇ ಕಾಲನ್ನು ನಾನು ಚಾಚಿದ್ದರೆ ಮನೆತನದ ಮಾತು ಬರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಕಲಿತವಳಲ್ಲ.

ಈಗ ಆ ಡಬ್ಬಿಯ ಹುಚ್ಚಿನ ವಿಷಯ. ಶಾಲೆಯ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದಾಗ, ಎಲ್ಲರೂ ಗೋಪುರ ನೋಡುತ್ತಿದ್ದರೆ ಪರದೇಶದ ಗಂಡಹೆಂಡತಿ ಇಬ್ಬರು ಬಂಡೆಯೊಂದರ ಬುಡದಲ್ಲಿ ಮೊಣಕಾಲೂರಿ ಏನೋ ತಡಕುತ್ತಿದ್ದರಂತೆ. ಇವಳು ಹೋಗಿ ಕೇಳಿದ್ದಾಳೆ. ಕೇಳುವ ಬಾಯಿ ಅವಳದು. ಅವರು ತೋರಿಸಿಕೊಟ್ಟರು. ಯಾರೋ ಒಬ್ಬರು ಪುಟ್ಟ ಡಬ್ಬಿಯೊಂದನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಆ ಕಡೆ ಪ್ರವಾಸ ಹೋದವರು ಫೋನು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಡಬ್ಬಿಯೊಳಗೆ ಸಣ್ಣಪುಟ್ಟ ಸಾಮಾನಿದ್ದರೆ ಒಂದನ್ನು ತೆಗೆದುಕೊಳ್ಳಬಹುದು, ಬದಲಿಗೆ ಇನ್ನೊಂದನ್ನು ಇಡಬೇಕು. ಅಷ್ಟೇ. ಬಹುಮಾನವಿಲ್ಲ, ಪುಣ್ಯವೂ ಇಲ್ಲ. ಜಗತ್ತಿನ ತುಂಬ ಇಂಥ ಡಬ್ಬಿಗಳಿವೆಯಂತೆ. ಇದಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ನಮ್ಮ ಮನೆಯಲ್ಲಿ ಅದು ಡಬ್ಬಿ ಆಟ.

ಅಲ್ಲಿಂದ ಮುಂದೆ ನಾವು ಎಲ್ಲಿಗೆ ಹೋದರೂ ಅವಳಿಗೆ ಬೇರೆಯೇ ಒಂದು ಕೆಲಸ. ಶ್ರೀಶೈಲಕ್ಕೆ ನಾವು ಹೋದದ್ದು ಮಲ್ಲಯ್ಯನ ದರ್ಶನಕ್ಕೆ. ಅವಳು ಸಾಲಿನಲ್ಲಿ ನಿಂತೇ ಫೋನು ನೋಡಿಕೊಂಡಳು, ದರ್ಶನ ಮುಗಿದದ್ದೇ ಮಾಯವಾದಳು, ಬಸ್ಸು ಹೊರಡುವ ಹೊತ್ತಿಗೆ ಮೊಣಕೈಗೆ ಮಣ್ಣು ಮೆತ್ತಿಕೊಂಡು ಬಂದಳು. ಬೇಲೂರಿನಲ್ಲಿ ಜನವೆಲ್ಲ ತಲೆಯೆತ್ತಿ ಶಿಲ್ಪ ನೋಡುತ್ತಿದ್ದಾಗ ಇವಳು ಊರಾಚೆ ಯಾವುದೋ ಮೋರಿಯ ಕಟ್ಟೆಗೆ ಕೆನ್ನೆ ಒತ್ತಿ ಒಳಗೆ ಇಣುಕುತ್ತಿದ್ದಳು. ನನಗೆ ನಾಚಿಕೆಯಾಗಿ ಮುಖ ತಿರುಗಿಸಿದೆ.

"ಎಲ್ರೂ ನೋಡೋ ಕಡೆ ಯಾರೂ ಬಚ್ಚಿಡಲ್ಲ ಅಕ್ಕ," ಎನ್ನುತ್ತಿದ್ದಳು.

ಹುಡುಕುವಾಗ ಅವಳನ್ನು ನೋಡಬೇಕಿತ್ತು. ಫೋನನ್ನು ಅಂಗೈ ಮೇಲೆ ಆರತಿ ತಟ್ಟೆಯಂತೆ ಹಿಡಿದು ಅದರ ಬಾಣ ತೋರಿಸಿದತ್ತ ಹೆಜ್ಜೆ ಹಾಕುವಳು. ಹತ್ತಿರ ಬಂದ ಮೇಲೆ ಫೋನಿಗೂ ದಿಕ್ಕು ತಪ್ಪುತ್ತದಂತೆ, ಅಲ್ಲಿಂದ ಕಣ್ಣೇ ಗತಿ. ಆಗ ಫೋನು ಬ್ಯಾಗಿಗೆ ಹಾಕಿ, ಚಪ್ಪಲಿ ಬಿಟ್ಟು, ಜಡೆಯಿಂದ ಪಿನ್ನು ಕಿತ್ತು ಕಲ್ಲಿನ ಸಂದಿಗಳನ್ನು ಕೆದಕುತ್ತ, "ಎಲ್ಲಿದೀಯಪ್ಪಾ, ಬಾರಪ್ಪಾ," ಎಂದು ಕರೆಯುವಳು. ದಾರಿಹೋಕರು ಕಂಡರೆ ಥಟ್ಟನೆ ನಿಂತು ಆಕಾಶ ನೋಡುವುದು. ನೋಡಬಾರದವರು ನೋಡಿಬಿಟ್ಟರೆ ಡಬ್ಬಿ ಉಳಿಯುವುದಿಲ್ಲ ಎಂದು ಅವಳಿಗೆ ಭಯ. ಆಕಾಶ ನೋಡುತ್ತಿದ್ದ ಅವಳ ಮುಖದಲ್ಲಿ ಒಂದು ಸಂತೋಷವಿರುತ್ತಿತ್ತು. ಅಂಥದ್ದು ನನ್ನ ಮುಖದಲ್ಲಿ ಎಂದೂ ಬಂದಿರಲಿಲ್ಲ. ಬಂದಿದ್ದರೆ ಕನ್ನಡಿಯಲ್ಲಿ ಕಾಣುತ್ತಿತ್ತು.

"ಅಕ್ಕ, ನೀವೂ ಬನ್ನಿ, ಒಂದ್ಸಲ," ಎಂದು ಪ್ರತಿ ಸಲವೂ ಕರೆಯುತ್ತಿದ್ದಳು. ಸುಳ್ಳು ಹೇಳಬಾರದು, ಕರೆಯುತ್ತಿದ್ದಳು. ನಾನು, "ಒಲೆ ಮೇಲೆ ಹಾಲಿದೆ," ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಒಲೆಯ ಮೇಲೆ ಯಾವಾಗಲೂ ಹಾಲು ಇರುತ್ತದೆ.

ಡಬ್ಬಿಗಳಿಂದ ತೆಗೆದದ್ದನ್ನೆಲ್ಲ ತಂದು ನನಗೇ ಕೊಡುತ್ತಿದ್ದಳು. ಯಾವುದೋ ದೇಶದ ನಾಣ್ಯ, ಚಿಪ್ಪಿನ ಗುಂಡಿ, ಬೆರಳುದ್ದದ ಪ್ಲಾಸ್ಟಿಕ್ ಆನೆ. "ನಿಮ್ಗೇ ಅಂತ ತಂದೆ ಅಕ್ಕ." ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿಡುತ್ತಿದ್ದೆ. ಮನೆಯಲ್ಲೇ ಕೂತವಳಿಗೆ ತಿರುಗಾಡಿ ಬಂದವಳ ಭಿಕ್ಷೆ ಎಂದು ನನ್ನ ಲೆಕ್ಕ.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಸಹಿಸಲಾಗದಂತೆ ಆದದ್ದು ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ.

ನೆಂಟರ ಮನೆಯ ನಿಶ್ಚಿತಾರ್ಥ. ನಾನು ಎಂದಿನಂತೆ ಅಡುಗೆಯವರ ಜೊತೆ ನಿಂತು ಪಾಯಸಕ್ಕೆ ಬೆಲ್ಲ ನೋಡುತ್ತಿದ್ದೆ. ಇವಳು ಅತ್ತೆಗೆ ಗಾಳಿ ತೋರಿಸುವ ನೆಪದಲ್ಲಿ ಅವರನ್ನು ಕರೆದುಕೊಂಡು ಹೊರಗೆ ಹೋಗಿದ್ದಾಳೆ. ಊರಾಚೆ ಹುಣಸೇಮರದ ಕೆಳಗೆ ಸಾಲಾಗಿ ವೀರಗಲ್ಲುಗಳಿವೆ. ಬೆಂಗಳೂರಿನಿಂದ ಬಂದುಹೋದ ಯಾರೋ ಅಲ್ಲೆಲ್ಲೋ ಡಬ್ಬಿ ಇಟ್ಟಿದ್ದರಂತೆ. ಇವಳು ರೇಷ್ಮೆ ಸೀರೆ ಎತ್ತಿ ಕಟ್ಟಿ, ಕಲ್ಲಿನ ಹಿಂದೆ ಕೂತು ಪಿನ್ನಿನಲ್ಲಿ ಕೆದಕತೊಡಗಿದ್ದಾಳೆ. ನಮ್ಮ ಕಡೆ ಹಳೇ ಕಲ್ಲಿನ ಬುಡ ಕೆದಕಿದರೆ ಅದಕ್ಕೆ ಒಂದೇ ಅರ್ಥ. ಈರುಳ್ಳಿ ಹೊಲದಲ್ಲಿದ್ದ ಗಂಡಸರು ಕಂಡು ಓಡಿ ಬಂದರು.

"ಯಾರ್ರೀ ನೀವು? ನಿಧಿ ತೆಗಿಯಕ್ ಬಂದಿದೀರಾ?"

ಇವಳು ಗಾಬರಿಯಾಗಿ ನಿಜ ಹೇಳಲು ಹೋಗಿದ್ದಾಳೆ. ಇಲ್ಲ ಅಣ್ಣ, ಸ್ಯಾಟಲೈಟಿಂದ ಇಲ್ಲೇ ಇದೆ ಅಂತ ತೋರಿಸ್ತಿದೆ, ಅಂದಳಂತೆ. ಸ್ಯಾಟಲೈಟಿಗೇ ಬಂಗಾರ ಕಂಡಿದೆ ಎಂದ ಮೇಲೆ ಬಿಟ್ಟಾರೆಯೇ? ಒಬ್ಬ ಫೋನು ಕಿತ್ತುಕೊಂಡ, ಇನ್ನೊಬ್ಬ ಪೊಲೀಸರಿಗೆ ಹೇಳಿ ಎಂದ. ಆಗ ಮರದ ಬೇರಿನ ಮೇಲೆ ಕೂತಿದ್ದ ಅತ್ತೆ ಕೊಡೆಯನ್ನು ನೆಲಕ್ಕೆ ಕುಟ್ಟಿದರಂತೆ.

"ಲೇ, ನಿಧಿ ತೆಗಿಯೋರು ರೇಷ್ಮೆ ಸೀರೆ ಉಟ್ಕಂಡು, ಅತ್ತೇನ ಜೊತೇಲಿ ಕರ್ಕಂಡು, ಮಟಮಟ ಮಧ್ಯಾಹ್ನ ಬತ್ತಾರೇನ್ರೋ? ನನ್ ಸೊಸೆ ಏನೋ ಹುಡುಕ್ತಾವ್ಳೆ. ನೋಡ್ತಾ ನಿಂತಿದೀರಲ್ಲ, ಹುಡುಕ್ ಕೊಡ್ರೋ!"

ಅವರೆಲ್ಲ ಹುಡುಕತೊಡಗಿದರಂತೆ. ಕೊನೆಗೆ ಡಬ್ಬಿ ಸಿಕ್ಕಿದ್ದು ಕಲ್ಲಿನ ಬುಡದಲ್ಲಲ್ಲ, ಹುಣಸೇಮರದ ಪೊಟರೆಯಲ್ಲಿ. ಬಂಗಾರವಿಲ್ಲ, ಒಂದು ಚೀಟಿ, ಒಂದು ಗೋಲಿ. ಅವರು ನಕ್ಕು, ಎಳನೀರು ಕೆಡವಿ ಕುಡಿಸಿ ಕಳಿಸಿದರು.

ಪಾಯಸದ ಸೌಟು ಹಿಡಿದು ನಾನು ಬಾಗಿಲಿಗೆ ಬಂದಾಗ ಇಬ್ಬರೂ ಒಂದೇ ಕೊಡೆಯ ಕೆಳಗೆ ನಗುತ್ತ ಬರುತ್ತಿದ್ದರು. ಅತ್ತೆ ಬಾಯಿ ತೆರೆದು ನಗುತ್ತಿದ್ದರು. ಈ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅತ್ತೆಗೆ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂಬುದು ನನಗೆ ಗೊತ್ತಾದದ್ದು ಅವತ್ತು. ಹಲ್ಲು ಹೋಗಲಿ. ನನ್ನ ಎದೆಯಲ್ಲಿ ನಾಟಿದ್ದು ಆ ಮಾತು. ನನ್ ಸೊಸೆ. ಬಂದವರಿಗೆ ನನ್ನನ್ನು ತೋರಿಸುವಾಗ ಅತ್ತೆ, "ಇವ್ಳು ನಮ್ ದೊಡ್ಮಗನ ಹೆಂಡ್ತಿ," ಎನ್ನುತ್ತಿದ್ದರು. ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು, ಅವರ ಪಥ್ಯ ನೋಡಿದವಳು ನಾನು, ಲಿಂಗಪೂಜೆಗೆ ಹೂವು ಪತ್ರೆ ಅಣಿಮಾಡಿದವಳು ನಾನು. ನನ್ ಸೊಸೆ ಎಂದು ಅನ್ನಿಸಿಕೊಂಡವಳು ಕಲ್ಲು ಕೆದಕುವವಳು. ಅವತ್ತು ಪಾಯಸವನ್ನು ಎಲ್ಲರಿಗೂ ಬಡಿಸಿದೆ, ನನ್ನ ಎಲೆಗೆ ಹಾಕಿಕೊಳ್ಳಲಿಲ್ಲ.

ಅಂದಿನಿಂದ ಅತ್ತೆಗೂ ಹುಚ್ಚು ಹತ್ತಿತು. ಎಪ್ಪತ್ತು ದಾಟಿದ ಹೆಂಗಸು ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಚಿಕ್ಕೋಳ ಸೊಂಟ ತಬ್ಬಿ ಹಿಡಿದು ಹೋಗುವುದನ್ನು ಬೀದಿಯೇ ನಿಂತು ನೋಡುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಆಟದ ಒಂದು ನೇಮ ಮಾತ್ರ ಅತ್ತೆಗೆ ಕೇಳಿದ ತಕ್ಷಣ ಒಪ್ಪಿಗೆಯಾಗಿತ್ತು. ತೆಗೆದ ಡಬ್ಬಿ ಬರಿದಾಗಿ ಬಿಡಬಾರದು ಎಂಬುದು.

"ಇದು ನಮ್ಮನೇ ಪದ್ಧತೀನೇ ಕಣೇ. ಪಕ್ಕದ ಮನೆಯೋರು ಸಾರು ಕಳಿಸಿದ್ರೆ ಬರೀ ಪಾತ್ರೆ ವಾಪಸ್ ಕೊಡ್ತೀವಾ? ಒಂದ್ ಚೂರು ಬೆಲ್ಲನಾದ್ರೂ ಹಾಕ್ ಕೊಡಲ್ವಾ?"

ಇದೇ ಒಮ್ಮೆ ಯಡವಟ್ಟಾಯಿತು. ಲಿಂಗದಹಳ್ಳಿಯ ದಾರಿಯಲ್ಲಿ ಹಳೇ ಸೇತುವೆಯ ಹತ್ತಿರ ಒಂದು ಡಬ್ಬಿಯಿತ್ತು. ಅದನ್ನು ಹುಡುಕಲು ಇಬ್ಬರೂ ಎಷ್ಟು ಸಲ ಹೋದರೋ! ಬೆಳಿಗ್ಗೆ ಹೋಗುವುದು, ತರೀಕೆರೆಯ ಬಸ್‌ಸ್ಟ್ಯಾಂಡಿನ ಎದುರು ಬೋಂಡ ತಿನ್ನುವುದು, ಸಂಜೆ ಬಂದು, "ಸಿಗ್ಲಿಲ್ಲ ಅಕ್ಕ, ಮತ್ತೆ ಹೋಗ್ಬೇಕು," ಎನ್ನುವುದು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅಷ್ಟು ಓದಿದವಳಿಗೆ ಒಂದು ಡಬ್ಬಿ ಹುಡುಕಲು ಆಗುವುದಿಲ್ಲವಲ್ಲ! "ಅಯ್ಯೋ, ಇವತ್ತೂ ಸಿಗ್ಲಿಲ್ವಾ?" ಎಂದು ಬೇಕೆಂದೇ ಎಲ್ಲರ ಮುಂದೆ ಕೇಳುತ್ತಿದ್ದೆ. ಅವಳು ನಗುತ್ತಿದ್ದಳು. ಅತ್ತೆ ನನ್ನ ಕಡೆ ನೋಡದೆ ಕಾಲು ತೊಳೆಯಲು ಹೋಗುತ್ತಿದ್ದರು.

ಕೊನೆಗೊಂದು ದಿನ ಸಿಕ್ಕಿತು. ಅತ್ತೆ ಪದ್ಧತಿ ಬಿಡದೆ, ಇವಳು ಆ ಕಡೆ ಚೀಟಿಯಲ್ಲಿ ಹೆಸರು ಬರೆಯುತ್ತಿದ್ದಾಗ, ಈ ಕಡೆ ಡಬ್ಬಿಗೆ ಒಂದು ಅಚ್ಚು ಬೆಲ್ಲ, ಎರಡು ಚೂರು ಕೊಬ್ಬರಿ ಹಾಕಿ ಮುಚ್ಚಿಬಿಟ್ಟಿದ್ದಾರೆ. ಆ ಆಟದಲ್ಲಿ ತಿನ್ನುವ ಪದಾರ್ಥ ಇಡಲೇಬಾರದಂತೆ. ಮೊದಲು ಇರುವೆ, ಆಮೇಲೆ ಕೋತಿ. ಡಬ್ಬಿಯನ್ನು ಕಚ್ಚಿ ಚೂರು ಮಾಡಿ ಸೇತುವೆಯ ಉದ್ದಕ್ಕೂ ಹರಡಿದ್ದವಂತೆ. ಇಟ್ಟಿದ್ದವನು ಇಂಗ್ಲಿಷಿನಲ್ಲಿ ಚೆನ್ನಾಗಿ ಉಗಿದು ಬರೆದ. ಇವಳು ಅದನ್ನು ಓದಿ ಕನ್ನಡದಲ್ಲಿ ಹೇಳಿದಾಗ ಅತ್ತೆ ಮೊದಲು, "ಯಾವನವನು ನನಗೆ ಬಯ್ಯೋನು?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನಾವ್ ಹಾಳ್ಮಾಡಿದ್ದಲ್ವೇನೇ? ನಾವೇ ಒಂದು ಇಡಣ ಬಿಡು. ಕೋತಿ ಕಚ್ಚಿದ್ರೂ ಮುರೀದೇ ಇರೋದು," ಎಂದರು. ಹೀಗೆ ಅವರಿಬ್ಬರದೇ ಒಂದು ಡಬ್ಬಿ ಎಮ್ಮೆದೊಡ್ಡಿಯ ಕಾವಲಿನಲ್ಲಿ, ದನ ಮೇಯುವ ಆ ಹುಲ್ಲುಬಯಲಿನಲ್ಲಿ, ಎಲ್ಲೋ ಕೂತಿತು. ಎಲ್ಲಿ, ಎಂಥದ್ದು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನನ್ನ ತಲೆಯಲ್ಲಿ ಆಗ ಬೇರೆ ಡಬ್ಬಿಯಿತ್ತು. ಅತ್ತೆಯ ಸೊಂಟದಲ್ಲಿ ಒಂದು ಹಿತ್ತಾಳೆಯ ಸುಣ್ಣದ ಡಬ್ಬಿ ಇರುತ್ತಿತ್ತು. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು, ಮುಚ್ಚಳದ ಮೇಲೆ ನವಿಲು, ಒಂದು ಗಿಡ್ಡ ಸರಪಳಿ. ಅತ್ತೆಗೆ ಅದು ಬಂದದ್ದು ಅವರ ಅತ್ತೆಯಿಂದ. ಮನೆಯ ಹಿರೀಸೊಸೆಗೆ ಹೋಗುವ ವಸ್ತು ಎಂದು ಮದುವೆಯ ದಿನವೇ ಯಾರೋ ಮುದುಕಿ ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಎಲೆ ಅಡಿಕೆ ಹಾಕುವವಳಲ್ಲ. ಹಿತ್ತಾಳೆಗೆ ಏನು ಬೆಲೆ? ಆದರೂ ಅತ್ತೆ ತಮ್ಮ ಸೊಂಟದಿಂದ ಬಿಚ್ಚಿ ನನ್ನ ಕೈಗೆ ಕೊಡುವ ಆ ಒಂದು ಗಳಿಗೆಗಾಗಿ ನಾನು ಕಾಯುತ್ತಿದ್ದೆ. ತರೀಕೆರೆಯ ಹಲ್ಲಿನ ಡಾಕ್ಟರು ಎಲೆ ಅಡಿಕೆ ಬಿಡಿ ಎಂದರು, ಅತ್ತೆ ಬಿಟ್ಟರು. ಇನ್ನು ಬಂತು ಎಂದುಕೊಂಡೆ. ಸ್ವಲ್ಪ ದಿನಕ್ಕೆ ಡಬ್ಬಿ ಸೊಂಟದಲ್ಲಿ ಕಾಣಲಿಲ್ಲ. ನನ್ನ ಕೈಗೂ ಬರಲಿಲ್ಲ.

"ಅತ್ತೆ, ಸುಣ್ಣದ ಡಬ್ಬಿ ಎಲ್ಲಿ?" ಎಂದು ಕೇಳಿಯೇ ಬಿಟ್ಟೆ.

"ಇದೆ ಬಿಡೇ. ಎಲೆ ಹಾಕೋರೇ ಇಲ್ಲ, ನಿಂಗ್ಯಾಕೆ ಅದು?"

ನನಗೆ ಅನುಮಾನವೇ ಉಳಿಯಲಿಲ್ಲ. ಚಿಕ್ಕೋಳ ಪಾಲಾಯಿತು. ಅಂದಿನಿಂದ ಅವಳು ಬ್ಯಾಗು ತೆರೆದಾಗಲೆಲ್ಲ ನನ್ನ ಕಣ್ಣು ಅದರೊಳಗೆ ಹೋಗುತ್ತಿತ್ತು. ಅವಳು ಹೋದ ಮೇಲೆ, ಅವಳ ಸೀರೆಗಳನ್ನು ಎತ್ತಿಡುವ ಕೆಲಸ ನನಗೇ ಬಂತಲ್ಲ, ಆಗ ಬೀರುವಿನ ಮೂಲೆಮೂಲೆ ನೋಡಿದೆ. ಸಿಗಲಿಲ್ಲ. ಜೊತೆಗೇ ಮಣ್ಣಿಗೆ ಹೋಯಿತೇನೋ ಎಂದುಕೊಂಡೆ.

ಹೋದದ್ದು ಹೇಗೆ ಎಂದು ಹೆಚ್ಚು ಬರೆಯಲಾರೆ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದವಳು ತಲೆನೋವು ಎಂದು ಮೇಜಿಗೆ ಹಣೆ ಇಟ್ಟಳು. ಶಿವಮೊಗ್ಗ ತಲುಪುವುದರೊಳಗೆ ಮುಗಿದಿತ್ತು. ಅತ್ತೆ ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತರು. ಹಿಡಿದುಕೊಂಡವಳು ನಾನು. ಹಿಡಿದುಕೊಂಡೇ ಯೋಚಿಸುತ್ತಿದ್ದೆ, ನಾನು ಹೋಗಿದ್ದರೆ ಇಷ್ಟು ಅಳುತ್ತಿದ್ದರೇ? ಅಂಥ ಹೊತ್ತಿನಲ್ಲೂ ಹೊಟ್ಟೆಕಿಚ್ಚಿಗೆ ರಜೆ ಇರುವುದಿಲ್ಲ.

ಆಮೇಲೆ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೆ ಬರುವರು, ಮಲಗಿ ಎಂದರೆ ಮಲಗುವರು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಬೈಯುವುದನ್ನೂ ಬಿಟ್ಟರು. ಇಷ್ಟು ವರ್ಷಕ್ಕೆ ಅತ್ತೆ ನನ್ನೊಬ್ಬಳಿಗೇ ಉಳಿದಿದ್ದರು, ಆದರೆ ಉಳಿದವರು ಅತ್ತೆಯಲ್ಲ.

ಮೊನ್ನೆ ಕಾರ್ತಿಕದಲ್ಲಿ ಮೈದುನ ಅವಳ ಫೋನು ಹಿಡಿದುಕೊಂಡು ಒಳಗೆ ಬಂದ. ಅದನ್ನು ಅವನು ಇನ್ನೂ ದಿನಾ ಚಾರ್ಜಿಗೆ ಹಾಕುತ್ತಾನೆ.

"ಅತ್ತಿಗೆ, ಇದೇನೋ ಇಂಗ್ಲಿಷಲ್ಲಿ ಬಂದಿದೆ, ನೋಡಿ."

ಡಬ್ಬಿ ಆಟದವರು ಬರೆದಿದ್ದರು. ಎಮ್ಮೆದೊಡ್ಡಿಯ ಡಬ್ಬಿಯನ್ನು ಹುಡುಕಿದವರಿಗೆ ಅದು ಸಿಗುತ್ತಿಲ್ಲ. ಇಟ್ಟವರು ಹೋಗಿ ನೋಡಿ, ಇದೆಯೋ ಇಲ್ಲವೋ ತಿಳಿಸಬೇಕು. ತಿಳಿಸದಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಹಾಕುತ್ತೇವೆ. ಓದಿ ನನಗೆ ಏನನ್ನಿಸಿತು ಎಂದರೆ, ಹೋಗಲಿ. ಅಳಿಸಿಹೋಗಲಿ. ಬೇಕೆಂದೇ ಅಂಗಳಕ್ಕೆ ಬಂದು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

ಅತ್ತೆ, "ಎಲ್ಲಿಗ್ ಹೋಗುತ್ತೆ? ಅಲ್ಲೇ ಇದೆ. ಅವರಿಗೆ ಹುಡ್ಕಕ್ ಬರಲ್ಲ," ಎಂದರು. ನಾನು ಒಳಗೆ ತಿರುಗುವಷ್ಟರಲ್ಲಿ ಹಿಂದಿನಿಂದ ಕೇಳಿತು.

"ದೊಡ್ಡೋಳೇ, ನನ್ನ ಒಂದ್ಸಲ ಕರ್ಕಂಡ್ ಹೋಗ್ತೀಯೇನೇ?"

ಒಲೆಯ ಮೇಲೆ ಹಾಲಿತ್ತು. ಹೋಗಿ ಒಲೆ ಆರಿಸಿದೆ. ಡ್ರಾಯರಿನಿಂದ ಆ ಪ್ಲಾಸ್ಟಿಕ್ ಆನೆಯನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡೆ. ಬರಿಗೈಯಲ್ಲಿ ಹೋಗಬಾರದು ಎಂಬಷ್ಟು ನನಗೂ ಗೊತ್ತು.

ಆಟೋದಲ್ಲಿ ಹೋದೆವು. ಕಾವಲಿನ ಹುಲ್ಲು ಹಳದಿಗೆ ತಿರುಗಿತ್ತು. ಅಮೃತಮಹಲ್ ದನಗಳು ಉದ್ದುದ್ದ ಕೋಡು ಎತ್ತಿ ನಮ್ಮನ್ನು ನೋಡಿ ಮತ್ತೆ ಮೇಯತೊಡಗಿದವು. ರಸ್ತೆಯಿಂದ ಸ್ವಲ್ಪ ಒಳಗೆ ಬಂಡೆಗಳ ಒಂದು ಗುಂಪು. ಅತ್ತೆ ಕೋಲೂರಿಕೊಂಡು ಅಲ್ಲಿಯವರೆಗೆ ನಡೆದು, ನೆರಳಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ತಮ್ಮ ಜಾಗ ಎಂಬಂತೆ ಕೂತರು.

"ಎಲ್ಲಿಟ್ಟಿದೀರಿ ಹೇಳಿ ಅತ್ತೆ."

"ಹೇಳಂಗಿಲ್ಲ ಕಣೇ. ಆಟದ್ ನೇಮ. ಹುಡುಕು."

ನನಗೆ ರೇಗಿತು. ಬಿಸಿಲು ಏರಿತ್ತು, ನನ್ನ ಮಂಡಿಯೂ ಮೊದಲಿನಂತಿಲ್ಲ. ಆದರೂ ಮೈದುನನಿಂದ ಕೇಳಿ ತಂದಿದ್ದ ಅವಳ ಫೋನನ್ನು ಅವಳಂತೆಯೇ ಅಂಗೈ ಮೇಲೆ ಹಿಡಿದು ಹೊರಟೆ. ಬಾಣ ಒಂದಷ್ಟು ದೂರ ಕರೆದುಕೊಂಡು ಹೋಗಿ, ಬಂಡೆಗಳ ನಡುವೆ ಬಿಟ್ಟು, ಗಿರಗಿರ ತಿರುಗತೊಡಗಿತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿದೆ. ಚಪ್ಪಲಿ ಬಿಟ್ಟೆ. ಕಲ್ಲಿನ ಸಂದಿಗೆ ಕೈ ಹಾಕಿದೆ.

"ದೂರ!" ಎಂದರು ಅತ್ತೆ.

ಇನ್ನೊಂದು ಕಡೆ ಹೋದೆ.

"ಇನ್ನೂ ದೂರ ಹೋದೆ! ಈ ಕಡೆ ಬಾರೇ! ಹಾಂ, ಹತ್ರ ಬಂದೆ. ಅಯ್ಯೋ, ಮತ್ತೆ ದೂರ!"

ತಿರುಗಿ ನೋಡಿದೆ. ಅತ್ತೆ ಕಲ್ಲಿನ ಮೇಲೆ ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಕೋಲಿನ ಮೇಲೆ ಇಟ್ಟು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದಿತ್ತು. ದವಡೆಯಲ್ಲಿ ಹಲ್ಲಿಲ್ಲದ ಜಾಗ ಕಾಣುತ್ತಿತ್ತು. ನಾನು ಬೇಕೆಂದೇ ಇನ್ನೊಂದು ಸಲ ದೂರ ಹೋದೆ.

"ಏ, ಕುರುಡಿ! ಆ ಕಡೆ ಅಲ್ಲ ಕಣೇ!"

ಎಷ್ಟೋ ತಿಂಗಳ ಮೇಲೆ ಬಿದ್ದ ಬೈಗುಳ. ಅಷ್ಟು ಹೊತ್ತಿಗೆ ಆಟೋದವನು ಸದ್ದು ಕೇಳಿ ಇಳಿದು ಬಂದ.

"ಏನಾರ ಕಳ್ಕಂಡ್ರಾ ಅಮ್ಮಾರೇ?"

ನಾನು ಒಂದು ಬಂಡೆಯ ಮಗ್ಗುಲಲ್ಲಿ ಮೊಣಕಾಲೂರಿ, ಸಂದಿಗೆ ಅಡ್ಡಲಾಗಿದ್ದ ಕಲ್ಲನ್ನು ಸರಿಸಿ ಒಳಗೆ ಕೈ ಚಾಚಿದ್ದೆ. ಬೆರಳಿಗೆ ಏನೋ ಮೆತ್ತಗೆ ತಾಕಿತು. ಹಿಂದಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿತು.

"ಏನಿಲ್ಲಪ್ಪ. ನನ್ ಸೊಸೆ ಏನೋ ಹುಡುಕ್ತಾವ್ಳೆ. ನೀನ್ ಹೋಗು."

ಕೈ ಹಾಗೆಯೇ ನಿಂತಿತು. ಅವನು ಹೋದ. ಒಂದು ದನ ಕೂಗಿತು. ನಾನು ಮೆಲ್ಲಗೆ ಕೈ ಹೊರಗೆ ತೆಗೆದೆ. ಸೈಕಲ್ ಟ್ಯೂಬಿನ ತುಂಡಿನಲ್ಲಿ ಸುತ್ತಿದ್ದ ಒಂದು ಪುಟ್ಟ ಗಂಟು. ಬಿಚ್ಚಿದೆ. ಹಿತ್ತಾಳೆ ಹಸಿರುಗಟ್ಟಿತ್ತು, ನವಿಲು ಹಾಗೇ ಇತ್ತು, ಸರಪಳಿಯೂ ಇತ್ತು.

ಕೋತಿ ಕಚ್ಚಿದರೂ ಮುರಿಯದೇ ಇರುವುದು ಎಂದರೆ ಇದು. ಚಿಕ್ಕೋಳಿಗೂ ಕೊಟ್ಟಿರಲಿಲ್ಲ. ಯಾರಿಗೂ ಕೊಟ್ಟಿರಲಿಲ್ಲ. ಕಾವಲಿಗೆ ತಂದು ಕಲ್ಲಿನೊಳಗೆ ಇಟ್ಟಿದ್ದರು. ಇಷ್ಟು ವರ್ಷ ಯಾವ ಬೀರುವಿನಲ್ಲಿ, ಯಾವ ಬ್ಯಾಗಿನಲ್ಲಿ ನನ್ನ ಕಣ್ಣು ತಡಕಿತ್ತೋ ಅದು ಇಲ್ಲಿ ಬಿಸಿಲಿಗೆ ಬೆಚ್ಚಗೆ ನನ್ನ ಮುಷ್ಟಿಯಲ್ಲಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು. ಅತ್ತೆಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು.

ಮುಚ್ಚಳ ತೆಗೆದೆ. ಸುತ್ತಿಟ್ಟ ಚೀಟಿ, ಒಂದು ಅಡಿಕೆ, ಅವಳ ಜಡೆಯ ಪಿನ್ನು. ಚೀಟಿ ಬಿಚ್ಚಲಿಲ್ಲ. ಎಲ್ಲಕ್ಕಿಂತ ಮೇಲೆ ಅವಳ ಹೆಸರೇ ಇರುತ್ತದೆ, ಗೊತ್ತು.

"ಸಿಕ್ತೇನೇ?" ಎಂದು ಅತ್ತೆ ಕೂಗಿದರು.

ಸಿಕ್ಕಿತು ಎಂದರೆ ಏನಾಗುತ್ತದೆ ಎಂದು ಯೋಚಿಸಿದೆ. ಆಟ ಮುಗಿಯುತ್ತದೆ. ಆಟೋ ಹತ್ತಿ ಮನೆಗೆ ಹೋಗುತ್ತೇವೆ. ಅತ್ತೆ ಕುರ್ಚಿಯಲ್ಲಿ ಕೂರುತ್ತಾರೆ, ನಾನು ಒಲೆ ಹಚ್ಚುತ್ತೇನೆ. ಅಲ್ಲಿಗೆ ಮುಗಿಯಿತು. ಸೆರಗಿನ ಗಂಟು ಬಿಚ್ಚಿ ಆನೆಯನ್ನು ತೆಗೆದೆ. ಡಬ್ಬಿಗಿಂತ ಅದೇ ಉದ್ದ, ಹಿಡಿಸಲಿಲ್ಲ. ಡಬ್ಬಿಯ ಪಕ್ಕಕ್ಕೇ ಇಟ್ಟು, ಎರಡನ್ನೂ ಸೇರಿಸಿ ಟ್ಯೂಬಿನಲ್ಲಿ ಸುತ್ತಿ, ಸಂದಿಯೊಳಗೆ ತಳ್ಳಿ ಕಲ್ಲು ಮುಚ್ಚಿದೆ. ಡಬ್ಬಿ ಇದೆ ಎಂದು ಅವಳ ಫೋನಿನಿಂದ ಆ ಆಟದವರಿಗೆ ಬರೆದುಬಿಟ್ಟರಾಯಿತು. ಅದು ಅತ್ತೆಗೆ ತಿಳಿಯಬೇಕಾದ್ದಿಲ್ಲ.

ಸೀರೆಯ ಮಣ್ಣು ಕೊಡವಿಕೊಂಡು ಅವರ ಹತ್ತಿರ ಬಂದೆ.

"ಸಿಗ್ಲಿಲ್ಲ ಅತ್ತೆ. ಇನ್ನೊಂದ್ಸಲ ಬರ್ಬೇಕು."

ಅತ್ತೆ ನನ್ನ ಮೊಣಕೈಯ ಮಣ್ಣನ್ನು ನೋಡಿದರು. ಸೆರಗಿನ ಬಿಚ್ಚಿದ ಗಂಟನ್ನು ನೋಡಿದರು. ಬಾಯಿ ಒರೆಸಿಕೊಂಡರು.

"ಹೂಂ. ಚಿಕ್ಕೋಳೂ ಹಂಗೇ ಅಂತಿದ್ಲು. ಲಿಂಗದಹಳ್ಳಿ ಸೇತುವೆ ತಾವ ಮೊದಲ್ನೇ ದಿನವೇ ಸಿಕ್ಕಿತ್ತು ಅವ್ಳಿಗೆ. ತೆಗ್ದು ನೋಡಿ ಮತ್ತೆ ಒಳಗೇ ಇಟ್ಲು. ನಾನ್ ಕಂಡಿದ್ದೆ. ಸಿಗ್ಲಿಲ್ಲ ಅತ್ತೆ, ಮತ್ತೆ ಬರಣ, ಅಂದ್ಲು."

ಇದರಲ್ಲೂ ಅವಳೇ ಮೊದಲು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇದೊಂದಾದರೂ ನನ್ನದು ಎಂದುಕೊಂಡಿದ್ದೆ.

"ಎಬ್ಬಿಸೇ," ಎಂದು ಅತ್ತೆ ಕೈ ಚಾಚಿದರು. "ಬರೋ ವಾರ ಬರಣ. ತರೀಕೆರೆ ಮೇಲೆ ಹೋಗಣ, ಬೋಂಡ ತಿಂದು ದಿನ ಆಯ್ತು."

ತರೀಕೆರೆ ಇರುವುದು ಇನ್ನೊಂದು ದಿಕ್ಕಿಗೆ. ನಾನು ಹೇಳಲಿಲ್ಲ. ಕೈ ಹಿಡಿದು ಎಬ್ಬಿಸಿದೆ, ಆಟೋದವರೆಗೂ ಬಿಡಲಿಲ್ಲ.